ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಆಟಿಸಂ ಇರುವ ಮಗುವಿಗೆ ಗೆಳೆತನದ ದಾರಿ

ಗಲ್ಲಿಯ ಆಟದಲ್ಲಿ ತೀರಾ ಚಿಕ್ಕವರನ್ನು, ಹೊಸದಾಗಿ ಬಂದವರನ್ನು ಮಕ್ಕಳು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವುದುಂಟು. ಆ ಮಗು ಓಡಬಹುದು, ಕೂಗಬಹುದು. ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಆಟಿಸಂ ಇರುವ ಮಕ್ಕಳ ಪಾಲಿಗೆ ‘ಎಲ್ಲರೂ ಚೆನ್ನಾಗಿ ನೋಡಿಕೊಳ್ತಾರೆ’ ಎನ್ನುವುದು ಬಹಳ ಸಲ ಇಲ್ಲಿಗೇ ನಿಂತುಬಿಡುತ್ತದೆ. ಹುಟ್ಟುಹಬ್ಬಕ್ಕೆ ಕರೆ ಬರುತ್ತದೆ, ಕೇಕಿನ ತಟ್ಟೆ ಕೈಗೆ ಸಿಗುತ್ತದೆ, ಫೋಟೋದ ಅಂಚಿನಲ್ಲಿ ಜಾಗವೂ ಸಿಗುತ್ತದೆ. ಆದರೆ ಮಗು ಒಂದು ದಿನ ಬರದಿದ್ದರೆ ‘ಅವನೆಲ್ಲಿ ಇವತ್ತು?’ ಎಂದು ಕೇಳುವವರು ಇರುವುದಿಲ್ಲ.

ಆ ಪ್ರಶ್ನೆ ಕೇಳುವ ಇನ್ನೊಂದು ಮಗು ಬೇಕು. ಇಡೀ ತರಗತಿ ಬೇಡ, ಇಡೀ ಅಪಾರ್ಟ್‌ಮೆಂಟ್ ಬೇಡ, ಮೊದಲಿಗೆ ಒಬ್ಬರು ಸಾಕು. ಒಬ್ಬ ಜೊತೆಗಾರ, ಒಂದು ಆಟ, ಅರ್ಧ ಗಂಟೆ. ಇದನ್ನು ವಾರವಾರವೂ ತಪ್ಪದೆ ನಡೆಸುವುದು ಹೇಗೆ, ಎಲ್ಲಿ ಎಡವುತ್ತದೆ, ಏಕೆ ಎಡವುತ್ತದೆ ಎನ್ನುವುದನ್ನು ಇಲ್ಲಿ ಹೇಳಿದ್ದೇವೆ. ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ಹದಿಹರೆಯದ ಮಾತು ಕೊನೆಯ ಕಡೆ ಬರುತ್ತದೆ.

ಮೊದಲ ಎರಡು ವಾರ ಬರೀ ನೋಡಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪಾರ್ಕು, ಮನೆ ಮುಂದಿನ ರಸ್ತೆ, ನೆಂಟರ ಮನೆ, ಎಲ್ಲೇ ಆಗಲಿ, ಬೇರೆ ಮಕ್ಕಳಿರುವ ಕಡೆ ನಿಮ್ಮ ಮಗು ಏನು ಮಾಡುತ್ತದೆ ಎಂದು ದಿನಕ್ಕೆ ಹತ್ತು ನಿಮಿಷ ಗಮನಿಸಿ ನಾಲ್ಕು ಸಾಲು ಬರೆಯಿರಿ. ತಿದ್ದಬೇಡಿ, ಕೈ ಹಿಡಿದು ಗುಂಪಿನೊಳಗೆ ನುಗ್ಗಿಸಬೇಡಿ. ಮಗು ಎಷ್ಟು ದೂರದಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಹೊರಟುಹೋಗುವ ಮುಂಚೆ ಅಲ್ಲಿ ಏನಾಯಿತು, ಈ ಮೂರು ಬರೆದರೆ ಸಾಕು.

ಗುಂಪಿನ ಸುತ್ತ ಸುತ್ತು ಹೊಡೆಯುವುದು, ಓರೆಗಣ್ಣಿನಿಂದ ನೋಡುತ್ತ ನಿಲ್ಲುವುದು, ಒಬ್ಬರನ್ನೇ ಪದೇ ಪದೇ ತಳ್ಳುವುದು, ಚೆಂಡು ಕಸಿದುಕೊಂಡು ಓಡುವುದು: ಇವೆಲ್ಲ ನೋಡುವವರ ಕಣ್ಣಿಗೆ ತಂಟೆ. ಆದರೆ ಚೆಂಡು ಕಸಿದರೆ ಎಲ್ಲರೂ ತನ್ನ ಹಿಂದೆ ಓಡಿ ಬರುತ್ತಾರೆ ಎನ್ನುವುದು ಆ ಮಗುವಿಗೆ ಗೊತ್ತು. ಅದಕ್ಕೆ ನಿಯಮ ಗೊತ್ತಿರುವ ಒಂದೇ ಆಟ ಅದಾಗಿರಬಹುದು. ‘ನನ್ನನ್ನೂ ಸೇರಿಸಿಕೊಳ್ಳಿ’ ಎಂದು ಕೇಳಲು ಬೇರೆ ದಾರಿ ತಿಳಿಯದೆ ಹೀಗೆ ಮಾಡುತ್ತಿದ್ದರೆ ಬೈಗುಳದಿಂದ ಏನೂ ಬದಲಾಗದು, ದಾರಿ ಕಲಿಸಬೇಕು. ಇನ್ನೊಂದು ಕಡೆ, ಕಿವಿ ಮುಚ್ಚಿಕೊಳ್ಳುವುದು, ಕಾಲರ್ ಕಚ್ಚುವುದು, ಗುನುಗು ದೊಡ್ಡದಾಗುತ್ತ ಹೋಗುವುದು, ನಿಮ್ಮನ್ನು ಗೇಟಿನತ್ತ ಎಳೆಯುವುದು: ಇವು ‘ಸಾಕು’ ಎನ್ನುವ ಮಾತು. ಅಲ್ಲಿ ಕಲಿಸಲು ಕೂರಬೇಡಿ, ಮೊದಲು ಅಲ್ಲಿಂದ ಹೊರಡಿ.

ಎರಡು ವಾರದ ಪುಟ ತಿರುಗಿಸಿದರೆ ಒಂದು ಅಂದಾಜು ಸಿಗುತ್ತದೆ. ಸದ್ದಿಲ್ಲದ ಹೊತ್ತಿನಲ್ಲಿ, ಒಂದಿಬ್ಬರು ಮಕ್ಕಳ ನಡುವೆ, ‘ಸಾಕು’ ಎನ್ನುವ ಮೊದಲ ಚಿಹ್ನೆ ಎಷ್ಟು ನಿಮಿಷಕ್ಕೆ ಬರುತ್ತದೆ? ಇಪ್ಪತ್ತು ನಿಮಿಷವಾದರೆ ನಿಮ್ಮ ಮೊದಲ ಭೇಟಿ ಇಪ್ಪತ್ತೇ ನಿಮಿಷ. ಎಂಟು ನಿಮಿಷವಾದರೆ ಎಂಟೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನೋಡುತ್ತ ಹೋದಾಗ ಮಗು ಒಂಟಿಯಾಗಿಯೇ ಸುಖವಾಗಿದೆ ಎನಿಸಿದರೆ ಅದನ್ನೂ ನಂಬಿ ಬರೆದುಕೊಳ್ಳಿ. ಎಲ್ಲ ಮಕ್ಕಳಿಗೂ ದಿನವಿಡೀ ಜೊತೆ ಬೇಕಿರುವುದಿಲ್ಲ. ಶಾಲೆಯ ಆರು ಗಂಟೆಯ ಗದ್ದಲದ ನಂತರ ಒಂದು ತಾಸು ಫ್ಯಾನಿನ ಕೆಳಗೆ ಒಂಟಿಯಾಗಿ ಮಲಗುವುದು ದಣಿವಾರಿಸಿಕೊಳ್ಳುವ ಬಗೆ. ಆ ತಾಸನ್ನು ಕಿತ್ತುಕೊಂಡು ಗೆಳೆಯರನ್ನು ಕರೆದರೆ ಗೆಳೆಯರೇ ಬೇಡವಾಗುತ್ತಾರೆ.

‘ಸಾಕು’ ಎನ್ನುವ ಮಾತನ್ನು ಮೊದಲು ಕಲಿಸಿ

‘ಹಾಯ್’ ಎನ್ನುವುದನ್ನು, ‘ನಿನ್ನ ಹೆಸರೇನು’ ಎಂದು ಕೇಳುವುದನ್ನು ಬಹಳ ಮನೆಗಳಲ್ಲಿ ಮೊದಲು ಕಲಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ಬೇಕಾದ್ದು ‘ಸಾಕು’. ಸಾಕು ಎಂದು ಹೇಳಲು ಬಂದರೆ, ಹೇಳಿದ ಕೂಡಲೇ ಬಿಡುಗಡೆ ಸಿಗುತ್ತದೆ ಎಂಬ ನಂಬಿಕೆ ಬಂದರೆ, ಹೊಡೆಯುವ, ಕಚ್ಚುವ, ಓಡಿಹೋಗುವ ಅಗತ್ಯವೇ ಬಹಳ ಕಡಿಮೆಯಾಗುತ್ತದೆ. ಜೊತೆಗೆ ಆಡಲು ಬಂದ ಮಗು ಒಮ್ಮೆ ಪೆಟ್ಟು ತಿಂದರೆ ಮತ್ತೆ ಬರುವುದು ಕಷ್ಟ, ಅದರ ತಾಯಿಯ ಮನಸ್ಸು ತಿರುಗಿಸುವುದು ಇನ್ನೂ ಕಷ್ಟ.

ಮಾತು ಬಾರದ ಮಗುವಿಗೆ ಕಾರ್ಡು ಮಾಡಿ. 5 ಸೆಂ.ಮೀ. ಚೌಕದ ನಾಲ್ಕು ರಟ್ಟುಗಳು: ಸಾಕು, ಇನ್ನೂ ಬೇಕು, ನನ್ನ ಸರದಿ, ನೀರು. ಚಿತ್ರ ದೊಡ್ಡದಾಗಿ, ಕೆಳಗೆ ಕನ್ನಡದಲ್ಲಿ ಪದ. ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ, ಮೂಲೆಗೆ ತೂತು ಹಾಕಿ, ಕೀಲಿಕೈ ಬಳೆಗೆ ಪೋಣಿಸಿ ಸೊಂಟಕ್ಕೆ ಸಿಕ್ಕಿಸಿ. ಎರಡು ಜೊತೆ ಮಾಡಿಸಿಡಿ, ಒಂದು ಕಳೆದೇ ಕಳೆಯುತ್ತದೆ. ಟ್ಯಾಬಿನಲ್ಲಿ ಚಿತ್ರ ಮುಟ್ಟಿದರೆ ಮಾತಾಡುವ ಆ್ಯಪ್ ಬಳಸುವ ಮಗುವಾದರೆ ಅದೇ ನಾಲ್ಕು ಪದಗಳನ್ನು ಮೊದಲ ಪುಟಕ್ಕೆ ತನ್ನಿ. ಕಾರ್ಡು ಕೊಟ್ಟರೆ ಮಾತು ಬರುವುದೇ ನಿಂತುಹೋಗುತ್ತದೆ ಎಂಬ ಹೆದರಿಕೆ ಬೇಡ. ಚಿತ್ರ ತೋರಿಸಿ ಕೇಳುವುದು ಮಾತಿಗೆ ಅಡ್ಡ ಬರುವುದಿಲ್ಲ, ಎಷ್ಟೋ ಮಕ್ಕಳಿಗೆ ಅದೇ ಮಾತಿನ ಮೆಟ್ಟಿಲಾಗುತ್ತದೆ.

ಮನೆಯಲ್ಲಿ ಹತ್ತು ದಿನ ಅಭ್ಯಾಸ ಮಾಡಿಸಿ. ಮಗುವಿಗೆ ಅಷ್ಟೇನೂ ಇಷ್ಟವಿಲ್ಲದ, ಆದರೆ ಹಿಂಸೆಯೂ ಅಲ್ಲದ ಕೆಲಸ ತೆಗೆದುಕೊಳ್ಳಿ. ತಲೆ ಬಾಚುವುದು ಇರಬಹುದು, ಬಟ್ಟೆ ಮಡಿಸುವುದು ಇರಬಹುದು. ಮುಖದಲ್ಲಿ ಬೇಸರ ಕಂಡ ಕ್ಷಣ ಕಾರ್ಡನ್ನು ಬೆರಳಿನಿಂದ ತೋರಿಸಿ. ಮಗು ಮುಟ್ಟಿದ ಕೂಡಲೇ ಕೆಲಸ ನಿಲ್ಲಿಸಿ. ‘ಇನ್ನೊಂದೇ ಸಲ ಪುಟ್ಟಾ’ ಎಂದಿರೋ, ಕಾರ್ಡಿನ ಬೆಲೆ ಹೋಯಿತು. ‘ಇನ್ನು ಎರಡು ನಿಮಿಷ, ಆಮೇಲೆ ಸಾಕು’ ಎನ್ನುವ ಪಾಠ ತಿಂಗಳಾದ ಮೇಲೆ ಬರಲಿ.

ಯಾರನ್ನು ಕರೆಯಬೇಕು

ಬೀದಿಯ ಅತಿ ಚುರುಕು ಮಗು ಬೇಡ. ಅದು ಐದು ನಿಮಿಷಕ್ಕೆ ಆಟ ಬದಲಿಸುತ್ತದೆ. ಅತಿ ಒಳ್ಳೆಯ ಮಗುವೂ ಅಷ್ಟು ಸರಿಹೋಗದು. ಟೀಚರ್ ಆಟ ಆಡುವ ಹುಡುಗಿ ನಿಮ್ಮ ಮಗನನ್ನು ಗೊಂಬೆಯಂತೆ ಸಾಕತೊಡಗುತ್ತಾಳೆ, ಅದು ಆರೈಕೆಯಾಗುತ್ತದೆ, ಗೆಳೆತನವಾಗುವುದಿಲ್ಲ. ಒಂದೆರಡು ವರ್ಷ ಹೆಚ್ಚುಕಡಿಮೆ ವಯಸ್ಸಿನ, ಮೆಲುದನಿಯ, ಒಂದೇ ಕೆಲಸದಲ್ಲಿ ಹೊತ್ತು ಕಳೆಯಬಲ್ಲ ಮಗು ಸಿಕ್ಕರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯ, ಇಬ್ಬರಿಗೂ ಇಷ್ಟವಾದ ಒಂದು ವಸ್ತು ಇರಬೇಕು. ರೈಲು, ಬಸ್ಸಿನ ನಂಬರು, ಡೈನೋಸಾರ್, ನೀರು, ಜೋಡಿಸುವ ಇಟ್ಟಿಗೆಗಳು. ಅಕ್ಕನ ಮಗ, ಚಿಕ್ಕಪ್ಪನ ಮಗಳು ಪಕ್ಕದ ಬೀದಿಯಲ್ಲೇ ಇದ್ದರೆ ಅಲ್ಲಿಂದಲೇ ಶುರುಮಾಡಿ. ನೆಂಟಸ್ತಿಕೆಯಲ್ಲಿ ಒಂದು ಕೆಟ್ಟ ಸಂಜೆಗೆ ಸಂಬಂಧ ಮುರಿಯುವುದಿಲ್ಲ.

ಆಟಿಸಂ ಇರುವ ಇನ್ನೊಂದು ಮಗುವನ್ನೂ ಮರೆಯಬೇಡಿ. ಥೆರಪಿ ಸೆಂಟರಿನ ಬೆಂಚಿನ ಮೇಲೆ ಕಾಯುವ ತಾಯಂದಿರು ಪರಸ್ಪರ ಮಾತಾಡುತ್ತಾರೆ, ಮಕ್ಕಳನ್ನು ಮಾತ್ರ ಸೇರಿಸುವುದಿಲ್ಲ. ‘ನಮ್ಮವನಿಗೆ ನಾರ್ಮಲ್ ಮಕ್ಕಳ ಸಹವಾಸ ಬೇಕು’ ಎನ್ನುವ ಆಸೆ ಅರ್ಥವಾಗುವಂಥದ್ದೇ. ಆದರೆ 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಬ್ರಿಟನ್ನಿನ ವಿದ್ವಾಂಸರು, ಅವರೂ ಆಟಿಸಂ ಇರುವವರೇ, ಒಂದು ಮಾತನ್ನು ಮುಂದಿಟ್ಟರು: ಆಟಿಸಂ ಇರುವವರು ಉಳಿದವರನ್ನು ಅರ್ಥಮಾಡಿಕೊಳ್ಳಲು ಒದ್ದಾಡುವಷ್ಟೇ, ಉಳಿದವರು ಇವರನ್ನು ಅರ್ಥಮಾಡಿಕೊಳ್ಳಲು ಒದ್ದಾಡುತ್ತಾರೆ, ಕೊರತೆ ಎರಡೂ ಕಡೆಯದು. ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಯಸ್ಕರ ಸಾಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಿದರು. ಆಟಿಸಂ ಇರುವವರದ್ದೇ ಸಾಲು, ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ಕಥೆಯನ್ನು ದಾಟಿಸಿತು. ವಿವರಗಳು ಹೆಚ್ಚು ಉದುರಿಹೋದದ್ದು ಇಬ್ಬರನ್ನೂ ಬೆರೆಸಿದ ಸಾಲಿನಲ್ಲಿ. ಹಾಗಾಗಿ ಎರಡೂ ಬಗೆಯ ಜೊತೆ ಇರಲಿ. ಇಬ್ಬರೂ ತಮ್ಮ ತಮ್ಮ ಕಾರುಗಳನ್ನು ಸಾಲಾಗಿ ಜೋಡಿಸುತ್ತ, ಒಂದು ಮಾತೂ ಆಡದೆ ಪಕ್ಕಪಕ್ಕ ಕೂತು ಮುಕ್ಕಾಲು ಗಂಟೆ ಕಳೆದರೆ ಅದೂ ಗೆಳೆತನವೇ.

ಆ ಮನೆಯವರಿಗೆ ಏನು ಹೇಳುವುದು

ಬೇಡಿಕೊಳ್ಳುವ ದನಿ ಬೇಡ. ಅದು ಎದುರಿನವರಲ್ಲಿ ಕನಿಕರ ಹುಟ್ಟಿಸುತ್ತದೆ, ಕನಿಕರದಿಂದ ಬಂದವರು ಎರಡು ವಾರ ಬರುತ್ತಾರೆ. ಪರೀಕ್ಷೆಯ ವರದಿ, ಆಸ್ಪತ್ರೆಯ ಸುದ್ದಿ ಎಲ್ಲ ಮೊದಲ ದಿನವೇ ಬಿಚ್ಚಿಡಬೇಡಿ. ಹಾಗೆಂದು ಮುಚ್ಚಿಡಲೂ ಬೇಡಿ. ಮುಚ್ಚಿಟ್ಟರೆ ಮಗುವಿನ ನಡವಳಿಕೆಗೆ ಅವರೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ, ಅದು ಸಾಮಾನ್ಯವಾಗಿ ‘ಬೆಳೆಸಿದ ರೀತಿ ಸರಿಯಿಲ್ಲ’ ಎಂದಿರುತ್ತದೆ. ಹೀಗೆ ಹೇಳಬಹುದು:

‘ಅಕ್ಕಾ, ಶನಿವಾರ ಸಂಜೆ ಐದು ಗಂಟೆಗೆ ದಿಯಾನ ಅರ್ಧ ಗಂಟೆ ನಮ್ಮನೆಗೆ ಕಳಿಸ್ತೀರಾ? ಸುಮಂತಂಗೂ ಅವಳ ಥರಾನೇ ರೈಲಂದ್ರೆ ಪ್ರಾಣ. ಅವನಿಗೆ ಆಟಿಸಂ ಇದೆ, ಮಾತು ಕಡಿಮೆ, ಜೋರು ಸದ್ದು ಆಗಲ್ಲ. ನಾನು ಪಕ್ಕದಲ್ಲೇ ಇರ್ತೀನಿ. ಬೇಕಿದ್ರೆ ನೀವೂ ಬನ್ನಿ, ಕಾಫಿ ಕುಡಿಯೋಣ. ಐದೂವರೆಗೆ ನಾನೇ ಬಿಟ್ಟು ಬರ್ತೀನಿ.’

ಹೊತ್ತು, ಕಾರಣ, ವಿಷಯ, ಹೊಣೆ ನಾಲ್ಕೂ ಇದರಲ್ಲಿವೆ. ‘ಆಗಲ್ಲ’ ಎಂದರೆ ನಗುತ್ತ ‘ಪರವಾಗಿಲ್ಲ ಅಕ್ಕಾ’ ಎಂದು ಬಿಟ್ಟುಬಿಡಿ. ಒತ್ತಾಯದಿಂದ ಬಂದ ಮಗು ಆಡುವುದಿಲ್ಲ.

ಬರುವ ಮಗುವಿಗೆ ಹೇಳಬೇಕಾದ್ದು ಇನ್ನೂ ಸರಳ. ‘ಅವನಿಗೆ ನೀನು ಹೇಳೋದೆಲ್ಲ ಕೇಳಿಸುತ್ತೆ. ಉತ್ತರ ಬರೋಕೆ ಮನಸ್ಸಲ್ಲಿ ಹತ್ತು ಎಣಿಸು. ಖುಷಿಯಾದ್ರೆ ಕೈ ಹೀಗೆ ಬಡಿತಾನೆ. ಈ ಕಾರ್ಡು ತೋರಿಸಿದ್ರೆ ಸಾಕು ಅಂತ ಅರ್ಥ, ಅವಾಗ ಸ್ವಲ್ಪ ದೂರ ಕೂತ್ಕೋ. ನಿನಗೂ ಬೇಜಾರಾದ್ರೆ ನೀನೂ ಇದೇ ಕಾರ್ಡು ತೋರಿಸಬಹುದು.’ ಕೊನೆಯ ಸಾಲನ್ನು ಬಿಡಬೇಡಿ. ಕಾರ್ಡು ಇಬ್ಬರದ್ದೂ ಆದಾಗ ಅದು ಆಟದ ನಿಯಮವಾಗುತ್ತದೆ. ‘ಪಾಪ ಕಣಮ್ಮ, ಅವನನ್ನ ಚೆನ್ನಾಗಿ ನೋಡ್ಕೋ’ ಎಂದು ಮಾತ್ರ ಹೇಳಬೇಡಿ. ಏಳು ವರ್ಷದ ಮಗುವಿಗೆ ಅದು ಕೆಲಸ ಕೊಟ್ಟಂತೆ.

ನಿಮ್ಮ ಮಗುವಿಗೆ ಹಿಂದಿನ ಮೂರು ದಿನ ಒಂದು ಪುಟದ ಪುಟ್ಟ ಪಠ್ಯ ಓದಿ ಹೇಳಿ. ಮಗುವೇ ಹೇಳುವಂತೆ ಬರೆದಿರಲಿ, ಸಾಲಿಗೊಂದು ಫೋಟೋ ಇರಲಿ: ‘ಶನಿವಾರ ಸಂಜೆ ಐದಕ್ಕೆ ದಿಯಾ ನಮ್ಮ ಮನೆಗೆ ಬರುತ್ತಾಳೆ. ನಾವು ರೈಲು ಜೋಡಿಸುತ್ತೇವೆ. ಕೆಂಪು ಬೋಗಿ ಅವಳ ಕೈಯಲ್ಲಿ ಇರಬಹುದು, ಆಮೇಲೆ ನನಗೆ ಸಿಗುತ್ತದೆ. ಸಾಕಾದರೆ ಕಾರ್ಡು ತೋರಿಸುತ್ತೇನೆ. ಆಟ ಮುಗಿದ ಮೇಲೆ ಬಾಳೆಹಣ್ಣು ತಿನ್ನುತ್ತೇವೆ. ದಿಯಾ ಮನೆಗೆ ಹೋಗುತ್ತಾಳೆ.’ ‘ನಾನು ಅಳಬಾರದು, ಹೊಡೆಯಬಾರದು’ ಎಂಬಂಥ ಸಾಲು ಸೇರಿಸಬೇಡಿ. ಏನು ನಡೆಯುತ್ತದೆ ಎನ್ನುವ ಸುದ್ದಿ ಸಾಕು, ಉಪದೇಶ ಬೇಡ. ಮಗು ಯಾರಿಗೂ ಕೊಡಲಾರದಷ್ಟು ಹಚ್ಚಿಕೊಂಡ ಆಟಿಕೆ ಇದ್ದರೆ ಅದನ್ನು ಅಂದು ಬೀರುವಿನೊಳಗೆ ಇಡಿ. ಎಲ್ಲವನ್ನೂ ಹಂಚಿಕೊಳ್ಳುವುದು ಗೆಳೆತನದ ಮೊದಲ ದಿನದ ಪಾಠವಲ್ಲ.

ಅರ್ಧ ಗಂಟೆಯ ಲೆಕ್ಕ

ಟಿ.ವಿ. ಆರಿಸಿ, ಕುಕ್ಕರ್ ಇಡಬೇಡಿ, ಮಿಕ್ಸಿ ಬೇಡ. ಕೋಣೆಯ ಒಂದು ಮೂಲೆಯಲ್ಲಿ ಚಾಪೆ ಹಾಸಿ. ಆಟದ ಜಾಗ ಇಷ್ಟೇ ಎಂದು ಕಣ್ಣಿಗೆ ಕಾಣಬೇಕು. ಎರಡೇ ಆಟದ ಸಾಮಾನು ಹೊರಗಿರಲಿ.

ಬಂದ ಮೊದಲ ಐದು ನಿಮಿಷ ಏನನ್ನೂ ನಿರೀಕ್ಷಿಸಬೇಡಿ. ‘ಹಾಯ್ ಹೇಳು, ಕೈ ಕುಲುಕು, ಕಣ್ಣು ನೋಡಿ ಮಾತಾಡು’ ಎಂಬ ಮೂರು ಅಪ್ಪಣೆಗಳಲ್ಲೇ ಎಷ್ಟೋ ಸಂಜೆಗಳು ಕೆಟ್ಟಿವೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಕೆಲವು ಮಕ್ಕಳಿಗೆ ನಿಜಕ್ಕೂ ಸಂಕಟ ತರುತ್ತದೆ. ನೋಡದೆಯೂ ಕೇಳಿಸಿಕೊಳ್ಳಬಲ್ಲರು. ಮುಂದಿನ ಹತ್ತು ನಿಮಿಷ ಇಬ್ಬರೂ ಪಕ್ಕಪಕ್ಕ ತಮ್ಮ ತಮ್ಮ ಕೆಲಸ ಮಾಡಲಿ. ಅವಳು ಒಂದು ಹಳಿ ಜೋಡಿಸಲಿ, ಇವನು ಇನ್ನೊಂದು. ಆಮೇಲಿನ ಹತ್ತು ನಿಮಿಷ ಸರದಿಯ ಆಟ. ಕೊನೆಯ ಐದು ನಿಮಿಷ ತಿಂಡಿ, ಸಾಮಾನು ಡಬ್ಬಕ್ಕೆ ಹಾಕುವುದು, ಬಾಗಿಲವರೆಗೆ ಹೋಗಿ ಕೈ ಬೀಸುವುದು. ಮುಗಿಯುವ ಐದು ನಿಮಿಷ ಮುಂಚೆ, ಎರಡು ನಿಮಿಷ ಮುಂಚೆ ಹೇಳಿ. ಮರಳು ಗಡಿಯಾರ ಇದ್ದರೆ ಇನ್ನೂ ಒಳ್ಳೆಯದು. ಮೊಬೈಲಿನ ಅಲಾರಾಂ ಬೇಡ, ಆ ಸದ್ದಿಗೇ ಬೆಚ್ಚುವ ಮಕ್ಕಳಿದ್ದಾರೆ.

ಆಟ ರಂಗೇರಿದಾಗಲೇ ನಿಲ್ಲಿಸಿ. ‘ಇಷ್ಟು ಚೆನ್ನಾಗಿ ಆಡ್ತಿದಾರೆ, ಇನ್ನರ್ಧ ಗಂಟೆ ಇರಲಿ’ ಎನ್ನುವ ಆಸೆಯೇ ಹೆಚ್ಚಾಗಿ ಕೆಡಿಸುವುದು. ಇಬ್ಬರ ನೆನಪಲ್ಲೂ ಉಳಿಯುವುದು ಕೊನೆಯ ಐದು ನಿಮಿಷ. ಅದು ಅಳುವಿನಲ್ಲಿ ಮುಗಿದರೆ ಮೊದಲ ಇಪ್ಪತ್ತೈದು ನಿಮಿಷ ಇದ್ದೂ ಇಲ್ಲದಂತೆ.

ನೀವು ಎಲ್ಲಿ ಕೂರುತ್ತೀರಿ ಎನ್ನುವುದು ದೊಡ್ಡ ವಿಷಯ. ಇಬ್ಬರ ನಡುವೆ ಕೂತರೆ ಇಬ್ಬರೂ ನಿಮ್ಮೊಂದಿಗೆ ಆಡುತ್ತಾರೆ, ತಮ್ಮೊಳಗೆ ಆಡುವುದಿಲ್ಲ. ನಿಮ್ಮ ಮಗುವಿನ ಹಿಂದೆ, ಸ್ವಲ್ಪ ಪಕ್ಕಕ್ಕೆ ಕೂತುಕೊಳ್ಳಿ. ಮಗು ಸರದಿ ಮರೆತರೆ ಮೊದಲು ಹತ್ತು ಸೆಕೆಂಡು ಕಾಯಿರಿ. ಬರಲಿಲ್ಲವೆಂದರೆ ಕಾಯಿಯ ಕಡೆ ಬೆರಳು ತೋರಿಸಿ. ಆಮೇಲಷ್ಟೇ ಮಾತು, ಅದೂ ‘ನಿನ್ನ ಸರದಿ’ ಎಂಬ ಎರಡು ಪದ. ಕೈ ಹಿಡಿದು ಆಡಿಸುವುದು ಬೇಡವೇ ಬೇಡ. ದಿಯಾ ನಿಮ್ಮನ್ನು ‘ಆಂಟೀ, ಅವನಿಗೆ ಬೇಕಂತಾ?’ ಎಂದು ಕೇಳಿದರೆ ‘ಅವನನ್ನೇ ಕೇಳಮ್ಮಾ, ಸ್ವಲ್ಪ ಕಾಯಿ’ ಎನ್ನಿ. ಆರೆಂಟು ವಾರದಲ್ಲಿ ನೀವು ಚಾಪೆಯಿಂದ ಕುರ್ಚಿಗೆ, ಕುರ್ಚಿಯಿಂದ ಅಡುಗೆಮನೆಯ ಬಾಗಿಲಿಗೆ ಸರಿಯಬೇಕು. ನೀವು ಸರಿಯದಿದ್ದರೆ ಆ ಗೆಳೆತನ ನಿಮ್ಮನ್ನು ಆತುಕೊಂಡೇ ಇರುತ್ತದೆ.

ಅದೇ ದಿನ, ಅದೇ ಹೊತ್ತು, ಅದೇ ಚಾಪೆ. ಆರು ವಾರ ಏನನ್ನೂ ಬದಲಿಸಬೇಡಿ. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಹತ್ತು ನಿಮಿಷ ಹೆಚ್ಚು, ಇಲ್ಲವೇ ಹೊಸ ಆಟ, ಇಲ್ಲವೇ ಅವಳ ಮನೆ, ಇಲ್ಲವೇ ಮೂರನೆಯ ಮಗು. ಮೂರನೆಯವರು ಬಂದಾಗ ಇಬ್ಬರು ಒಂದಾಗಿ ನಿಮ್ಮ ಮಗು ಹೊರಗುಳಿಯುವುದು ಸಾಮಾನ್ಯ. ಅದಕ್ಕೇ ಆ ಬದಲಾವಣೆ ಕೊನೆಗಿರಲಿ.

ಯಾವ ಆಟ

ಅಳಗುಳಿಮಣೆಯನ್ನು ಅಟ್ಟದಿಂದ ಇಳಿಸಿ. ಇಬ್ಬರೇ ಆಡುವ ಆಟ, ಎದುರುಬದುರು ಕೂರಬೇಕು, ಸರದಿ ಸ್ಪಷ್ಟ, ಮಾತು ಬೇಕಿಲ್ಲ, ಗುಳಿಗೊಂದು ಬೀಜ ಹಾಕುತ್ತ ಹೋಗುವ ಕೈಕೆಲಸವನ್ನು ಇಷ್ಟಪಡುವ ಮಕ್ಕಳು ಬಹಳ. ಕಡೆಗೆ ಏಳರಂತೆ ಹದಿನಾಲ್ಕು ಗುಳಿ. ಶುರುವಿಗೆ ಗುಳಿಗೆ ಮೂರರಂತೆ 42 ಹುಣಸೆಬೀಜ ಸಾಕು, ಆಟ ಬೇಗ ಮುಗಿಯುತ್ತದೆ. ಗುಲಗಂಜಿ ಬಳಸಲೇಬೇಡಿ, ಅದು ವಿಷ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಾದರೆ ಬೀಜದ ಆಟವೇ ಬೇಡ. ಹಾವು ಏಣಿ, ಕುಂಟೆಬಿಲ್ಲೆ ಕೂಡ ಒಳ್ಳೆಯವು. ಎಲ್ಲಿಂದ ಎಲ್ಲಿಗೆ ಎನ್ನುವುದು ಮನೆಗಳಲ್ಲಿ ಬರೆದೇ ಇರುತ್ತದೆ. ಚೌಕಾಬಾರದಲ್ಲಿ ಕಾಯಿ ಕಡಿಯುವುದಿದೆ, ಮನೆಗೆ ಹತ್ತಿರ ಬಂದ ಕಾಯಿ ಮತ್ತೆ ಮೊದಲಿಗೆ ಹೋಗುವ ದುಃಖ ದೊಡ್ಡದು. ಸೋಲನ್ನು ಅಭ್ಯಾಸ ಮಾಡಿದ ಮೇಲೆ ಅದಕ್ಕೆ ಬನ್ನಿ.

ಲಗೋರಿ, ಕಣ್ಣಾಮುಚ್ಚಾಲೆ ತಡವಾಗಿ ಬರಲಿ. ಲಗೋರಿಯಲ್ಲಿ ಕೂಗಾಟ, ಓಡಾಟ, ಕ್ಷಣಕ್ಷಣಕ್ಕೂ ಬದಲಾಗುವ ಪಾತ್ರ. ಕಣ್ಣಾಮುಚ್ಚಾಲೆಯಲ್ಲಿ ಇನ್ನೊಬ್ಬರಿಗೆ ಏನು ಕಾಣುತ್ತದೆ ಎಂದು ಊಹಿಸಬೇಕು. ತಲೆ ಮಾತ್ರ ಪರದೆ ಹಿಂದೆ ಅಡಗಿಸಿ ಮೈಯೆಲ್ಲ ಹೊರಗಿಟ್ಟ ಮಗುವನ್ನು ನೋಡಿ ಉಳಿದವರು ನಕ್ಕರೆ ಅಲ್ಲಿಗೆ ಆಟ ಮುಗಿಯಿತು.

ಸೋಲುವುದನ್ನು ಮನೆಯಲ್ಲಿ ದೊಡ್ಡವರು ಸೋತು ತೋರಿಸಿ. ಅಪ್ಪ ಸೋತು, ಒಂದು ನಿಟ್ಟುಸಿರು ಬಿಟ್ಟು, ‘ಈ ಸಲ ನಿಂದು, ಮುಂದಿನ ಸಲ ನಂದು’ ಎಂದು ಕಾಯಿ ಜೋಡಿಸಬೇಕು. ಇದೇ ಮಾತು, ಇದೇ ಧಾಟಿ, ಇಪ್ಪತ್ತು ಮೂವತ್ತು ಸಲ. ಕೇಳಿದ ಮಾತನ್ನು ಹಾಗೆಯೇ ಹಿಡಿದಿಟ್ಟುಕೊಳ್ಳುವ ಮಗುವಿಗೆ ಸೋತ ಗಳಿಗೆಯಲ್ಲಿ ಆ ಸಾಲು ಒದಗಿ ಬರುತ್ತದೆ.

ಅಂಗಳಕ್ಕೆ ಇಳಿಯುವಾಗ

ಸಂಜೆ ಆರರ ಗದ್ದಲಕ್ಕೆ ಬೇಡ, ನಾಲ್ಕೂವರೆಗೆ ಇಳಿಯಿರಿ. ಮೊದಲೇ ಇದ್ದ ಮಗುವಿನ ಹತ್ತಿರ ಒಬ್ಬೊಬ್ಬರಾಗಿ ಬರುವುದು ಸುಲಭ, ತುಂಬಿದ ಗುಂಪಿಗೆ ನುಗ್ಗುವುದು ಕಷ್ಟ.

ಇಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ತಾನಾಗಿ ಬಂದು ಕೂರುತ್ತದೆ, ಮಕ್ಕಳು ಕೆಟ್ಟವರಾಗಿ ಅಲ್ಲ, ಅವರಿಗೆ ತಿಳಿದ ಉದಾರತೆ ಅದೊಂದೇ. ಅದಕ್ಕೆ ಬದಲು ಲೆಕ್ಕಕ್ಕಿರುವ ಪಾತ್ರ ಕೇಳಿ ಕೊಡಿಸಿ. ಸಂಖ್ಯೆ ಇಷ್ಟಪಡುವ ಮಗು ಕ್ರಿಕೆಟ್ಟಿನ ಸ್ಕೋರು ಬರೆಯಲಿ. ಬರೆಯುವ ಸ್ಲೇಟು ಇವನ ಕೈಯಲ್ಲಿದ್ದರೆ ಪ್ರತಿ ಓವರಿಗೂ ಎಲ್ಲರೂ ಇವನ ಹತ್ತಿರ ಬಂದೇ ತೀರಬೇಕು. ಓಡುವುದು ಇಷ್ಟವಾದರೆ ಬೌಂಡರಿಯ ಚೆಂಡು ತರುವ ಕೆಲಸ, ಆದರೆ ಸರದಿ ಬಂದಾಗ ಆರು ಎಸೆತದ ಬ್ಯಾಟಿಂಗೂ ಇರಬೇಕು, ಔಟಾದರೆ ಔಟೇ. ನಿಯಮ ಸಡಿಲಿಸುವ ಬದಲು ಸಾಧನ ಬದಲಿಸಿ: ಟೆನಿಸ್ ಚೆಂಡಿನ ಬದಲು ದೊಡ್ಡ ಚೆಂಡು, ಹತ್ತಿರದಿಂದ ಎಸೆತ. ಅದೇ ನಿಯಮ ಉಳಿದ ಚಿಕ್ಕವರಿಗೂ ಇರಲಿ.

ಶಾಲೆಯಲ್ಲಿ

ತರಗತಿಯ ಪಾಠದ ಹೊತ್ತು ಅಷ್ಟು ಕಷ್ಟವಲ್ಲ, ಅಲ್ಲಿ ಎಲ್ಲರಿಗೂ ಜಾಗ ನಿಗದಿಯಾಗಿರುತ್ತದೆ. ಒಂಟಿತನ ಹೆಪ್ಪುಗಟ್ಟುವುದು ಊಟದ ಬಿಡುವಿನಲ್ಲಿ, ಪಿ.ಟಿ. ಪೀರಿಯಡ್ಡಿನಲ್ಲಿ, ಬಸ್ಸಿನಲ್ಲಿ. ಜೂನ್ ಮೊದಲ ವಾರವೇ ಟೀಚರಿಗೆ ಒಂದೇ ಒಂದು ಪುಟ ಕೊಡಿ, ಕಡತ ಬೇಡ. ಮಗುವಿಗೆ ಏನಿಷ್ಟ, ಏನು ಚೆನ್ನಾಗಿ ಬರುತ್ತದೆ, ಯಾವ ಸದ್ದು ಆಗದು, ತೊಂದರೆಯ ಮೊದಲ ಚಿಹ್ನೆ ಏನು, ಆಗ ಏನು ಮಾಡಬೇಕು. ಇಷ್ಟವಾದ್ದೇ ಮೊದಲ ಸಾಲಾಗಿರಲಿ.

ಊಟದ ಬಿಡುವಿಗೆ ಜೊತೆಗಾರರನ್ನು ಗೊತ್ತುಮಾಡುವುದಾದರೆ ಒಬ್ಬರ ಮೇಲೇ ಹೊರಿಸಬೇಡಿ. ಮೂವರು ಮಕ್ಕಳು, ವಾರಕ್ಕೆ ಎರಡೆರಡು ದಿನದಂತೆ. ಒಬ್ಬಳೇ ಹುಡುಗಿ ವರ್ಷವಿಡೀ ‘ಸುಮಂತನ ಅಕ್ಕ’ ಆದರೆ ಅವಳಿಗೆ ಅವಳ ಗೆಳತಿಯರು ತಪ್ಪಿಹೋಗುತ್ತಾರೆ. ವಾರಕ್ಕೊಮ್ಮೆ ಲೈಬ್ರರಿಯಲ್ಲಿ ನಾಲ್ಕೈದು ಮಕ್ಕಳ ರೈಲು ಗುಂಪು, ಚಿತ್ರದ ಗುಂಪು ನಡೆಸಲು ಶಾಲೆ ಒಪ್ಪಿದರೆ ಅದು ಎಲ್ಲಕ್ಕಿಂತ ಉತ್ತಮ. ಮಗುವಿನ ಜೊತೆಗೇ ಇದ್ದು ನೆರವಾಗುವ ಶ್ಯಾಡೋ ಟೀಚರ್ ಇದ್ದರೆ ಬಿಡುವಿನಲ್ಲಿ ಅವರು ಹತ್ತು ಹೆಜ್ಜೆ ದೂರ ನಿಲ್ಲಲಿ. ದೊಡ್ಡವರು ಅಂಟಿಕೊಂಡಿರುವ ಮಗುವಿನ ಹತ್ತಿರ ಯಾವ ಮಗುವೂ ಬರುವುದಿಲ್ಲ.

ತರಗತಿಗೆ ಆಟಿಸಂ ಬಗ್ಗೆ ಹೇಳಬೇಕೇ? ಹೇಳಬಹುದು, ಆದರೆ ಮಗುವಿಗೆ ತಿಳಿಯುವ ವಯಸ್ಸಾಗಿದ್ದರೆ ಅದರ ಒಪ್ಪಿಗೆ ಪಡೆದು, ಅದು ಬಯಸಿದರೆ ಅದಿಲ್ಲದ ಹೊತ್ತಿನಲ್ಲಿ. ಏಪ್ರಿಲ್ 2ರ ವಿಶ್ವ ಆಟಿಸಂ ಅರಿವಿನ ದಿನದಂದು ಮಗುವನ್ನು ವೇದಿಕೆಗೆ ಕರೆದು ಚಪ್ಪಾಳೆ ಹೊಡೆಸುವುದನ್ನು ನಾವು ಒಪ್ಪುವುದಿಲ್ಲ.

ಕೀಟಲೆ, ಹಿಂಸೆ ನಡೆಯುತ್ತಿದ್ದರೆ ಮಗು ಬಂದು ಹೇಳದೇ ಇರಬಹುದು. ‘ಇದನ್ನ ಹೇಳು’ ಎಂದು ಕೆಟ್ಟ ಮಾತು ಹೇಳಿಸಿ ನಗುವವರನ್ನೂ ಗೆಳೆಯರೆಂದೇ ತಿಳಿದಿರಬಹುದು. ಮನೆಯಲ್ಲಿ ಮಗು ಇದ್ದಕ್ಕಿದ್ದಂತೆ ಯಾರದೋ ಧಾಟಿಯಲ್ಲಿ ಬೈಗುಳ, ಬೆದರಿಕೆಯ ಮಾತು ಆಡತೊಡಗಿದರೆ ಗದರಿಸಬೇಡಿ. ಅದು ಎಲ್ಲೋ ಕೇಳಿದ್ದರ ಯಥಾವತ್ ದಾಖಲೆ. ದಿನಾಂಕ ಹಾಕಿ ಬರೆದುಕೊಳ್ಳಿ. ಟಿಫನ್ ಡಬ್ಬಿ ಖಾಲಿಯಾಗಿದ್ದೂ ಹಸಿದು ಬರುವುದು, ಪೆನ್ಸಿಲ್ಲುಗಳು ಪದೇ ಪದೇ ಕಳೆಯುವುದು, ಬಸ್ಸಿನ ಸದ್ದಿಗೇ ಹೊಟ್ಟೆನೋವು ಬರುವುದು, ಇವನ್ನೂ ಬರೆಯಿರಿ. ಶಾಲೆಗೆ ಹೋಗುವಾಗ ದೂರಿನ ದನಿಗಿಂತ ಈ ಪುಟ ಹೆಚ್ಚು ಮಾತಾಡುತ್ತದೆ.

ಕಾನೂನು ನಿಮ್ಮ ಕಡೆಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವಿಕಲತೆಗಳಲ್ಲಿ ಆಟಿಸಂ ಒಂದು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಸೇರಿಸಿಕೊಂಡು, ಬೇಕಾದ ಹೊಂದಾಣಿಕೆ ಮಾಡಿಕೊಡಬೇಕು ಎನ್ನುವುದು ಅದರ 16ನೇ ಕಲಮಿನ ಆಶಯ. ಜನರೆದುರು ಬೇಕೆಂದೇ ಅವಮಾನಿಸುವುದು 92ನೇ ಕಲಮಿನಂತೆ ಅಪರಾಧ. ಇದನ್ನು ಮೊದಲ ಮಾತಾಗಿ ಎತ್ತಬೇಡಿ, ಆದರೆ ತಿಳಿದಿರಿ. ಸರ್ಕಾರಿ ಶಾಲೆಯಾದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕಾಣಿರಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ, ಇವೆರಡನ್ನು ತಡಮಾಡದೆ ಮಾಡಿಸಿಕೊಳ್ಳಿ. ರೋಗನಿರ್ಣಯವೇ ಇನ್ನೂ ಆಗಿಲ್ಲವೆಂದರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ.

ಮದುವೆಮನೆ, ಹಬ್ಬ

ಗಟ್ಟಿಮೇಳದ ಹೊತ್ತಿಗೆ ಮಂಟಪದ ಎದುರು ಮಗು ಇರಬಾರದು. ಎಲ್ಲ ವಾದ್ಯಗಳೂ ಒಟ್ಟಿಗೆ ಮೊಳಗುವ ಆ ಒಂದು ನಿಮಿಷಕ್ಕೆ ಇಡೀ ದಿನ ಹಾಳಾಗಬಹುದು. ಮುಹೂರ್ತ ಎಷ್ಟಕ್ಕೆ ಎಂದು ಕೇಳಿಕೊಂಡು ಆ ಹೊತ್ತಿಗೆ ಹೊರಗೆ ಒಂದು ಸುತ್ತು ಹೋಗಿಬನ್ನಿ. ಛತ್ರದ ಒಂದು ಕೋಣೆಯ ಕೀಲಿ ಮೊದಲೇ ಕೇಳಿ ಇಟ್ಟುಕೊಳ್ಳಿ, ಮಗು ತಿನ್ನುವ ಮೊಸರನ್ನವೋ ಚಿತ್ರಾನ್ನವೋ ಡಬ್ಬಿಯಲ್ಲಿರಲಿ, ಮೊದಲ ಪಂಕ್ತಿಗೇ ಕೂತು ಎದ್ದುಬಿಡಿ. ಒಂದೂವರೆ ತಾಸು ಸಾಕು. ಕೆನ್ನೆ ಹಿಂಡುವ ಅತ್ತೆಯಂದಿರಿಗೆ ಮುಂಚೆಯೇ ಹೇಳಿ: ‘ಮುಟ್ಟಿದ್ರೆ ಅವನಿಗೆ ಆಗಲ್ಲ ಅತ್ತೆ, ದೂರದಿಂದ ಕೈ ಬೀಸಿ, ನಗ್ತಾನೆ ನೋಡಿ.’ ಕಾಲಿಗೆ ಬೀಳಿಸಲು ಎಳೆದಾಡಬೇಡಿ. ಅಜ್ಜಿಗೆ ಒಂದು ಕೆಲಸ ಕೊಡಿ, ಉದಾಹರಣೆಗೆ ಕಾರ್ಡಿನ ಬಳೆ ಅವರ ಹತ್ತಿರ ಇರಲಿ. ‘ಅವರ ತಾತನಿಗೂ ಮಾತು ತಡವಾಗೇ ಬಂತು’ ಎನ್ನುತ್ತಿದ್ದ ಅಜ್ಜಿಯೇ ‘ಸಾಕಂತೆ ಅವನಿಗೆ, ಬಿಡ್ರೋ’ ಎನ್ನತೊಡಗಿದರೆ ಉಳಿದ ನೆಂಟರು ಕಲಿಯುತ್ತಾರೆ.

ಒಡಹುಟ್ಟಿದವರು, ಹದಿಹರೆಯ

ಅಣ್ಣನಿಗೋ ತಂಗಿಗೋ ಗೆಳೆಯರು ಬಂದಾಗಲೆಲ್ಲ ‘ಇವನನ್ನೂ ಸೇರಿಸಿಕೋ’ ಎನ್ನಬೇಡಿ. ವಾರದಲ್ಲಿ ಒಂದು ಸಲ ಕೇಳಿ, ಉಳಿದ ದಿನ ಅವರ ಆಟ ಅವರದು.

ಹನ್ನೊಂದು ಹನ್ನೆರಡು ದಾಟಿದ ಮೇಲೆ ಮನೆಗೆ ಕರೆಸುವುದು ಸಲ್ಲದು, ಆಸಕ್ತಿಯೇ ಕರೆಯಬೇಕು. ಚೆಸ್, ಕೀಬೋರ್ಡ್, ಈಜು, ಚಿತ್ರಕಲೆ, ಕೋಡಿಂಗ್ ತರಗತಿಗಳಲ್ಲಿ ಮಾತಿಗಿಂತ ಕೆಲಸ ಹೆಚ್ಚು. ಈ ವಯಸ್ಸಿಗೆ ಮುಟ್ಟುವ ನಿಯಮಗಳನ್ನು ಬಿಡಿಸಿ ಹೇಳಬೇಕು: ಮನೆಯವರನ್ನು ಅಪ್ಪಬಹುದು, ಗೆಳೆಯರಿಗೆ ಕೈ ಕುಲುಕಬಹುದು, ಅಪರಿಚಿತರಿಗೆ ನಮಸ್ಕಾರ. ದುಡ್ಡು ಕೇಳಿದರೆ, ಫೋಟೋ ಕೇಳಿದರೆ, ಗುಟ್ಟಾಗಿಡು ಎಂದರೆ ಮನೆಯಲ್ಲಿ ಹೇಳಲೇಬೇಕು. ವಾಟ್ಸಾಪಿನಲ್ಲಿ ಉತ್ತರ ಬಾರದಿದ್ದರೆ ಒಂದು ದಿನ ಕಾಯಬೇಕು, ನಲವತ್ತು ಸಲ ಕಳಿಸಬಾರದು ಎನ್ನುವುದನ್ನೂ ಸಂಖ್ಯೆ ಹಾಕಿಯೇ ಹೇಳಿ. ಹುಡುಗಿಯರ ವಿಷಯದಲ್ಲಿ ಒಂದು ಎಚ್ಚರ. ಶಾಲೆಯಲ್ಲಿ ಗೆಳತಿಯರ ನಗು, ಮಾತು, ಹಾವಭಾವ ಎಲ್ಲ ನಕಲು ಮಾಡಿ ‘ಚೆನ್ನಾಗಿದ್ದಾಳೆ’ ಎನಿಸಿಕೊಂಡು, ಮನೆಗೆ ಬಂದ ಕೂಡಲೇ ಕುಸಿದು ಅಳುವ ಮಕ್ಕಳಿದ್ದಾರೆ. ಅವರಿಗೆ ಇನ್ನಷ್ಟು ನಟನೆ ಕಲಿಸಬೇಡಿ, ನಟಿಸದೆ ಇರಬಲ್ಲ ಒಬ್ಬಳು ಗೆಳತಿಯನ್ನು ಹುಡುಕಲು ನೆರವಾಗಿ.

ಗೆಳೆಯರು ಊರು ಬಿಟ್ಟಾಗ

ದಿಯಾಳ ಅಪ್ಪನಿಗೆ ವರ್ಗವಾಗುತ್ತದೆ, ಶಾಲೆ ಬದಲಾಗುತ್ತದೆ. ‘ಇವನಿಗೆ ಅದೆಲ್ಲ ಗೊತ್ತಾಗಲ್ಲ’ ಎಂದು ಸುಮ್ಮನಿರಬೇಡಿ. ಮೂರು ವಾರ ಮುಂಚೆಯೇ ಕ್ಯಾಲೆಂಡರಿನಲ್ಲಿ ಕೊನೆಯ ಶನಿವಾರಕ್ಕೆ ಗುರುತು ಹಾಕಿ. ಆ ದಿನ ಇಬ್ಬರ ಫೋಟೋ ತೆಗೆದು ಪ್ರಿಂಟು ಹಾಕಿಸಿ, ಆಟದ ಡಬ್ಬದ ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ಶನಿವಾರ ಐದು ಗಂಟೆಗೆ ಮಗು ಬಾಗಿಲ ಬಳಿ ನಿಲ್ಲುತ್ತದೆ. ಆ ಹೊತ್ತನ್ನು ಖಾಲಿ ಬಿಡಬೇಡಿ, ಐದು ನಿಮಿಷದ ವಿಡಿಯೋ ಕಾಲ್ ಇರಲಿ, ಮಾತಿಲ್ಲದಿದ್ದರೆ ಇಬ್ಬರೂ ರೈಲು ತೋರಿಸಿಕೊಳ್ಳಲಿ. ಒಂದು ತಿಂಗಳು ಹೋಗಲಿ. ಆಮೇಲೆ ಹೊಸ ಮಗುವನ್ನು ಕರೆಯುವಾಗ ಅದೇ ಚಾಪೆ ಹಾಸಿ, ಅದೇ ಡಬ್ಬ ತೆಗೆಯಿರಿ, ಹೊತ್ತನ್ನು ಮತ್ತೆ ಇಪ್ಪತ್ತು ನಿಮಿಷಕ್ಕೆ ಇಳಿಸಿ.